ಲ್ಯಾಪ್‌ಟಾಪ್ ಫ್ಯಾನ್ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರು, ಅಕ್ಕಪಕ್ಕದ ಮನೆಯವರು, ಅವರಿಗೆ ಗೊತ್ತಿದ್ದವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರ ಮಾತಲ್ಲೇ ಇಟ್ಟಿದ್ದೇನೆ. "ಫ್ಯಾನ್ ಹೋಗಿದೆ" ಅಂತ ಬರುವ ಲ್ಯಾಪ್‌ಟಾಪ್‌ಗಳಲ್ಲಿ ನಿಜವಾಗಿ ಫ್ಯಾನೇ ಹೋಗಿರುವುದು ಕಡಿಮೆ. ಹೊಸದು ತರಲು ಹೊರಡುವ ಮುಂಚೆ ಮೊದಲ ಎರಡು ಭಾಗ ಓದಿಬಿಡಿ.

## ಮೊದಲ ಅನುಮಾನಗಳು

ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗುತ್ತೆ, ಆಮೇಲೆ ತಾನೇ ಸುಮ್ಮನಾಗುತ್ತೆ. ಕೆಟ್ಟಿದೆಯಾ?

ಇಲ್ಲ, ಸರಿಯಾಗೇ ಕೆಲಸ ಮಾಡುತ್ತಿದೆ. ಪ್ರೊಸೆಸರ್ ಬಿಸಿಯಾದಾಗ ಫ್ಯಾನ್ ವೇಗ ಏರಿಸುವುದು, ತಣ್ಣಗಾದಾಗ ಇಳಿಸುವುದು ಮದರ್‌ಬೋರ್ಡ್ ಮೇಲಿನ ಒಂದು ಪುಟ್ಟ ಚಿಪ್‌ನ ಕೆಲಸ. ವಿಂಡೋಸ್ ಅಪ್‌ಡೇಟ್ ಇಳಿಯುತ್ತಿದ್ದರೆ, ಆಂಟಿವೈರಸ್ ಫೈಲುಗಳನ್ನು ಜಾಲಾಡುತ್ತಿದ್ದರೆ, ಬ್ರೌಸರ್‌ನಲ್ಲಿ ಲೆಕ್ಕವಿಲ್ಲದಷ್ಟು ಟ್ಯಾಬ್ ತೆರೆದಿದ್ದರೆ ಸದ್ದು ಬಂದೇ ಬರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಎಂಬ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ಅಲ್ಲಿ ಏನೂ ಕಾಣದೆಯೂ ಫ್ಯಾನ್ ಕೂಗುತ್ತಲೇ ಇದ್ದರೆ ಆಗ ಅನುಮಾನ ಪಡಿ.

ನನ್ನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಸದ್ದೇ ಕೇಳಿಸ್ತಿಲ್ಲ. ರಿಪೇರಿಗೆ ಕೊಡಲಾ?

2020ರ ಕೊನೆಯಲ್ಲಿ ಬಂದ ಎಂ1 ಏರ್‌ನಿಂದ ಈಚೆಗೆ ಏರ್ ಮಾದರಿಗಳಲ್ಲಿ ಫ್ಯಾನೇ ಇಲ್ಲ. ಇಲ್ಲದ ಫ್ಯಾನ್ ರಿಪೇರಿಗೆ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಎಷ್ಟು ಬಿಸಿಯಾದರೆ ಹೆದರಬೇಕು?

ಕೈಯಿಟ್ಟು ನೋಡಿ ಹೇಳುವುದು ಕಷ್ಟ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಅಥವಾ ಕೋರ್ ಟೆಂಪ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಇದೆ. ಸುಮ್ನೆ ಆನ್ ಮಾಡಿಟ್ಟಾಗ 40ರಿಂದ 55 ಡಿಗ್ರಿ ಇದ್ದರೆ ಆರಾಮು. ವಿಡಿಯೊ ಎಡಿಟಿಂಗ್, ಗೇಮ್ ಅಂತ ದುಡಿಸುವಾಗ 85, 90 ದಾಟುವುದು ಇವತ್ತಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮಾಮೂಲು. ಇಂಟೆಲ್‌ನ ಬಹಳಷ್ಟು ಚಿಪ್‌ಗಳಿಗೆ 100 ಡಿಗ್ರಿ, ಎಎಂಡಿಯ ಎಷ್ಟೋ ಚಿಪ್‌ಗಳಿಗೆ 95 ಡಿಗ್ರಿ ಗರಿಷ್ಠ ಮಿತಿ. ಅಲ್ಲಿಗೆ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಕೆಲಸದ ನಡುವೆ ಒಮ್ಮೆ 92 ಕಂಡಿದ್ದಕ್ಕೆ ಗಾಬರಿ ಬೇಡ. ಏನೂ ಮಾಡದೆ 75ರಲ್ಲೇ ಕೂತಿದ್ದರೆ ಏನೋ ಸರಿಯಿಲ್ಲ.

ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನಗಳಲ್ಲಿ ಎಸಿ ಇಲ್ಲದ ಮೇಲ್ಮಹಡಿಯ ಕೋಣೆಯಲ್ಲಿ ಕೂತು, ಡಿಸೆಂಬರ್‌ನ ಅಂಕಿಯ ಜೊತೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೇಲಿ ಅಷ್ಟೊಂದು ಧೂಳಿಲ್ಲ. ಆದರೂ ಯಾಕೆ ಕಟ್ಟಿಕೊಳ್ಳುತ್ತೆ?

ಈ ಊರಲ್ಲಿ ಪಕ್ಕದ ಸೈಟಿನಲ್ಲಿ ಯಾರಾದರೂ ಮನೆ ಕಟ್ಟಿಸುತ್ತಲೇ ಇರುತ್ತಾರೆ, ಅಲ್ವಾ? ಟೈಲ್ಸ್ ಕತ್ತರಿಸುವ ಧೂಳು, ರಸ್ತೆ ಅಗೆದ ಮಣ್ಣು ಕಿಟಕಿಯಿಂದ ಒಳಗೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಎಸಿ ಇಲ್ಲದ ಕಾರಣ ಕಿಟಕಿ ಮುಚ್ಚುವುದೂ ಇಲ್ಲ. ಆದರೆ ಲ್ಯಾಪ್‌ಟಾಪ್ ಒಳಗೆ ಸೇರುವುದರಲ್ಲಿ ಬಟ್ಟೆಯ ನಾರು, ಕೂದಲು, ನಾಯಿ-ಬೆಕ್ಕಿನ ರೋಮ ಕೂಡ ಕಮ್ಮಿ ಇರಲ್ಲ. ಅಡುಗೆಮನೆ ಪಕ್ಕದ ಊಟದ ಟೇಬಲ್ಲೇ ಆಫೀಸಾಗಿದ್ದರೆ ಒಗ್ಗರಣೆಯ ಜಿಡ್ಡು, ದೇವರಮನೆ ಹತ್ತಿರ ಇದ್ದರೆ ಊದುಬತ್ತಿ ಹೊಗೆ. ಜಿಡ್ಡು ಹತ್ತಿದ ಮೇಲೆ ಧೂಳು ಉದುರುವುದಿಲ್ಲ, ಅಂಟಿಕೊಳ್ಳುತ್ತದೆ.

ಇದೆಲ್ಲ ಹೋಗಿ ನಿಲ್ಲುವುದು ಒಂದೇ ಜಾಗದಲ್ಲಿ. ಫ್ಯಾನ್ ಕೆಳಗಿನಿಂದ ಗಾಳಿ ಎಳೆದು ಪಕ್ಕಕ್ಕೆ, ಒತ್ತೊತ್ತಾಗಿ ನಿಂತ ತೆಳು ತಗಡುಗಳ ಸಾಲಿನ ಮೂಲಕ ಹೊರಗೆ ತಳ್ಳುತ್ತದೆ. ತಗಡಿನ ಸಂದುಗಳಲ್ಲಿ ನಾರು ಸಿಕ್ಕಿಕೊಂಡು, ಅದರ ಮೇಲೆ ಧೂಳು ಕೂತು, ಫ್ಯಾನಿಗೂ ತಗಡಿಗೂ ನಡುವೆ ಬೂದು ಬಣ್ಣದ ಪಟ್ಟಿಯೊಂದು ಬೆಳೆಯುತ್ತದೆ. ಚಿಮುಟದಲ್ಲಿ ಹಿಡಿದೆಳೆದರೆ ಹಳೇ ಕಂಬಳಿಯ ತುಂಡಿನ ಹಾಗೆ ಇಡಿಯಾಗಿ ಬರುತ್ತದೆ. ಹೊರಗಿನ ಕಿಂಡಿಯಿಂದ ನೋಡಿದರೆ ಎಲ್ಲ ಸ್ವಚ್ಛವಾಗೇ ಕಾಣುತ್ತದೆ. ಒಮ್ಮೊಮ್ಮೆ ಪಟ್ಟಿಯ ಜೊತೆ ಸತ್ತ ಜಿರಲೆಯೂ ಸಿಗುತ್ತದೆ, ತಯಾರಾಗಿರಿ.

ಹಾಸಿಗೆ ಮೇಲೆ ಇಟ್ಕೊಂಡು ಕೆಲಸ ಮಾಡಬಾರದು ಅಂತಾರೆ. ನಿಜಾನಾ?

ನಿಜ. ಗಾಳಿ ಎಳೆಯುವ ಕಿಂಡಿ ಸಾಮಾನ್ಯವಾಗಿ ತಳದಲ್ಲಿರುತ್ತದೆ, ಹಾಸಿಗೆ ಅದನ್ನು ಮುಚ್ಚುತ್ತದೆ. ಮಂಚದ ಮೇಲೇ ಬೇಕೆಂದರೆ ಕೆಳಗೆ ಒಂದು ಮಣೆ ಅಥವಾ ದೊಡ್ಡ ಪರೀಕ್ಷೆ ಪ್ಯಾಡ್ ಇಟ್ಟುಕೊಳ್ಳಿ.

## ಬಿಚ್ಚದೆ ಪತ್ತೆ ಮಾಡುವುದು

ತಪ್ಪು ಫ್ಯಾನಿನದ್ದೋ ಬೇರೆಯದ್ದೋ ಅಂತ ಮನೇಲೇ ಹೇಗೆ ಗೊತ್ತಾಗುತ್ತೆ?

ಒಂದು ಟಿಶ್ಯೂ ಪೇಪರ್ ಸಾಕು. ಉದ್ದಕ್ಕೆ ಸಣ್ಣ ಪಟ್ಟಿ ಹರಿದುಕೊಳ್ಳಿ. ಲ್ಯಾಪ್‌ಟಾಪ್‌ನ ಗಾಳಿ ಹೊರಬರುವ ಕಿಂಡಿ ಪಕ್ಕದಲ್ಲೋ, ಪರದೆಯ ಕೀಲಿನ ಹತ್ತಿರವೋ ಇರುತ್ತದೆ. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿ. ಉತ್ತಮ ಗುಣಮಟ್ಟದ ವಿಡಿಯೊ ಒಂದೆರಡು ಒಟ್ಟಿಗೆ ಓಡಿಸಿ ಪ್ರೊಸೆಸರ್ ಬಿಸಿ ಮಾಡಿ. ಉಷ್ಣತೆ 80 ದಾಟಿದ ಮೇಲೆ ಪಟ್ಟಿಯನ್ನು ಕಿಂಡಿಯ ಮುಂದೆ ಹಿಡಿಯಿರಿ, ಅಂಗೈಯನ್ನೂ ಹಿಡಿಯಿರಿ.

ಪಟ್ಟಿ ಅಲುಗುವುದೇ ಇಲ್ಲ, ಕಿವಿ ಇಟ್ಟರೂ ಸದ್ದಿಲ್ಲ ಅಂದರೆ ಫ್ಯಾನ್ ನಿಂತಿದೆ. ಸದ್ದು ಜೋರಾಗಿದೆ, ಆದರೆ ಪಟ್ಟಿ ಸ್ವಲ್ಪವೇ ಅಲುಗುತ್ತದೆ, ಬರುವ ಅಷ್ಟಿಷ್ಟು ಗಾಳಿ ತುಂಬಾ ಬಿಸಿ ಅಂದರೆ ದಾರಿ ಕಟ್ಟಿದೆ. ಶುಚಿ ಮಾಡಿದರೆ ಸಾಕು.

ಮೂರನೆಯದನ್ನೇ ಜನ ಗಮನಿಸುವುದಿಲ್ಲ. ಗಾಳಿ ಜೋರಾಗಿ ಬರುತ್ತಿದೆ, ಪಟ್ಟಿ ಹಾರುತ್ತಿದೆ, ಆದರೆ ಗಾಳಿ ಉಗುರು ಬೆಚ್ಚಗೂ ಇಲ್ಲ, ಪ್ರೊಸೆಸರ್ ಮಾತ್ರ 95ರಲ್ಲಿದೆ. ಅಂದರೆ ಚಿಪ್‌ನ ಬಿಸಿ ಫ್ಯಾನ್ ಇರುವ ಕಡೆಗೆ ತಲುಪುತ್ತಲೇ ಇಲ್ಲ. ನಡುವಿನ ಥರ್ಮಲ್ ಪೇಸ್ಟ್ (ಬಿಸಿ ದಾಟಿಸಲು ಚಿಪ್ ಮೇಲೆ ಹಚ್ಚುವ ಲೇಪ) ಒಣಗಿದೆ, ಇಲ್ಲವೇ ಹೀಟ್ ಸಿಂಕ್ (ಚಿಪ್‌ನ ಬಿಸಿಯನ್ನು ಫ್ಯಾನ್ ಕಡೆ ಒಯ್ಯುವ ಲೋಹದ ಭಾಗ) ಸರಿಯಾಗಿ ಕೂತಿಲ್ಲ. ಇಂಥದ್ದಕ್ಕೆ ಹೊಸ ಫ್ಯಾನ್ ಹಾಕಿದರೆ ದುಡ್ಡು ದಂಡ.

ಆನ್ ಮಾಡಿದ ಕೂಡಲೇ 'ಫ್ಯಾನ್ ಎರರ್' ಅಂತ ಬಂದು ನಿಂತುಬಿಡುತ್ತೆ. ಏನಿದು?

ಫ್ಯಾನ್‌ನ ತಂತಿಗಳಲ್ಲಿ ಒಂದು, ತಾನು ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಅಂತ ಮದರ್‌ಬೋರ್ಡ್‌ಗೆ ತಿಳಿಸುತ್ತದೆ. ಆನ್ ಆಗುವಾಗ ಆ ಸುದ್ದಿ ಬರದಿದ್ದರೆ ಈ ತಡೆ. ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ 'ಫ್ಯಾನ್ ಎರರ್' ಎಂದೇ ಬರುತ್ತದೆ. ಎಚ್‌ಪಿಯಲ್ಲಿ 90ಬಿ ಎಂಬ ಸಂಖ್ಯೆ ಕಾಣುತ್ತದೆ. ಫ್ಯಾನ್ ನಿಂತಿರಬಹುದು, ಕನೆಕ್ಟರ್ ಸಡಿಲ ಆಗಿರಬಹುದು, ರೆಕ್ಕೆಗೆ ಏನೋ ಸಿಕ್ಕಿಕೊಂಡಿರಬಹುದು.

ಒಳಗೇ ಇರುವ ಪರೀಕ್ಷೆಯನ್ನು ಓಡಿಸಿ ನೋಡಿ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿ. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತುತ್ತಾ ಇದ್ದು, ಮೆನು ಬಂದಾಗ ಎಫ್2. ಇಂಟೆಲ್ ಮ್ಯಾಕ್‌ಗಳಲ್ಲಿ ಡಿ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಆ್ಯಪಲ್ ಡಯಾಗ್ನಾಸ್ಟಿಕ್ಸ್ ಬರುತ್ತದೆ. ಅದರಲ್ಲಿ ಪಿಪಿಎಫ್ ಎಂದು ಶುರುವಾಗುವ ಸಂಖ್ಯೆ ಫ್ಯಾನಿಗೆ ಸಂಬಂಧಿಸಿದ್ದು. ಫ್ಯಾನ್ ಎರರ್ ಬಂದು ನಿಂತಾಗ ಕೆಲವು ಮಾದರಿಗಳು ಎಂಟರ್ ಒತ್ತಿದರೆ ಮುಂದೆ ಹೋಗಲು ಬಿಡುತ್ತವೆ. ಬಿಟ್ಟರೆ ಮುಖ್ಯವಾದ ಫೈಲ್ ಕಾಪಿ ಮಾಡಿಕೊಂಡು ಆಫ್ ಮಾಡಿ. ಮೀಟಿಂಗ್ ಮುಗಿಸಿಕೊಂಡೇ ಬಿಡೋಣ ಅಂತ ಕೂರಬೇಡಿ.

ಸದ್ದು ಕೇಳಿಯೇ ತೊಂದರೆ ಹೇಳಬಹುದಂತೆ, ಹೌದಾ?

ಬಹಳ ಮಟ್ಟಿಗೆ ಹೇಳಬಹುದು. ಬರೀ 'ಹೋ' ಅಂತ ಗಾಳಿಯ ಸದ್ದು ಜೋರಾಗಿದ್ದರೆ ಫ್ಯಾನ್ ಗಟ್ಟಿಯಾಗಿದೆ, ದಾರಿ ಕಟ್ಟಿದೆ. 'ಗರಗರ' ಅಂದರೆ ಬೇರಿಂಗ್ (ಫ್ಯಾನ್‌ನ ದಂಡ ಕೂತು ತಿರುಗುವ ಭಾಗ) ಸವೆದಿದೆ. ಲ್ಯಾಪ್‌ಟಾಪ್ ಓರೆ ಮಾಡಿದಾಗ ಸದ್ದು ಬದಲಾದರೆ ಅದು ಬೇರಿಂಗೇ. ಬೆಳಿಗ್ಗೆ ಆನ್ ಮಾಡಿದಾಗ ಗರಗರ ಅಂದು ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುವುದೂ ಅದರ ಮೊದಲ ಹಂತ. 'ಟರ್‌ರ್' ಅಂತ ಒಂದೇ ಸಮ ಬಂದರೆ ರೆಕ್ಕೆಗೆ ತಂತಿಯೋ ಕಸವೋ ತಾಗುತ್ತಿದೆ. ತಳ ಕುಗ್ಗಿದ್ದರೂ ಹೀಗಾಗುತ್ತದೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಮೇಲೆ ಊಟದ ಡಬ್ಬಿ ಒತ್ತಿಕೊಂಡು ಬಿಎಂಟಿಸಿ ಬಸ್ಸಲ್ಲಿ ಓಡಾಡುವವರ ಲ್ಯಾಪ್‌ಟಾಪಲ್ಲಿ ಇದನ್ನು ನೋಡಿದ್ದೇನೆ.

ಸಣ್ಣಗೆ 'ಕೀ' ಅನ್ನುವ, ಮೌಸ್ ಸ್ಕ್ರೋಲ್ ಮಾಡಿದಾಗ ಏರಿಳಿಯುವ ಸದ್ದು ಫ್ಯಾನಿನದ್ದಲ್ಲ. ಮದರ್‌ಬೋರ್ಡ್ ಮೇಲಿನ ಸುರುಳಿಗಳದ್ದು. ಕಿವಿಗೆ ಕಿರಿಕಿರಿ, ಯಂತ್ರಕ್ಕೆ ಅಪಾಯವಿಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲಿ ಬಿಟ್ಟುಬಿಟ್ಟು 'ಟಕ್ ಟಕ್' ಅಂದರೆ ಮಾತ್ರ ಫ್ಯಾನ್ ವಿಷಯ ಮರೆತು ತಕ್ಷಣ ಬ್ಯಾಕಪ್ ತೆಗೆದುಕೊಳ್ಳಿ. ಅದು ಹಾರ್ಡ್ ಡಿಸ್ಕ್ ಸಾಯುವ ಸದ್ದು.

ಒಂದೆರಡು ಗಂಟೆ ಕೆಲಸ ಮಾಡಿದ್ರೆ ತಾನಾಗೇ ಆಫ್ ಆಗುತ್ತೆ. ಬಿಸಿಯಿಂದಾನೇ ಅಂತ ಹೇಗೆ ಹೇಳೋದು?

ನಡೆದದ್ದೆಲ್ಲ ದಾಖಲಾಗುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಸಿಗಬಹುದು. ಅದನ್ನು ನೋಡಿ "ಪವರ್ ಸಪ್ಲೈ ಹೋಗಿದೆ" ಎನ್ನುವವರಿದ್ದಾರೆ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ, ಕಾರಣ ಅದರಲ್ಲಿ ಇರುವುದಿಲ್ಲ. ಸುಲಭದ ದಾರಿ: ಲ್ಯಾಪ್‌ಟಾಪ್ ಹಿಂಭಾಗ ಎತ್ತರಿಸಿ, ಟೇಬಲ್ ಫ್ಯಾನ್ ಅದರ ತಳಕ್ಕೆ ತಿರುಗಿಸಿ ಅದೇ ಕೆಲಸ ಮಾಡಿ. ಆಫ್ ಆಗುವುದು ನಿಂತರೆ ಅಥವಾ ತುಂಬಾ ತಡವಾದರೆ ಕಾರಣ ಬಿಸಿ. ವ್ಯತ್ಯಾಸವೇ ಇಲ್ಲದಿದ್ದರೆ ಬ್ಯಾಟರಿ, ಚಾರ್ಜರ್ ಕಡೆ ನೋಡಿ.

ಕೂಲಿಂಗ್ ಪ್ಯಾಡ್ ತಗೊಂಡ್ರೆ ಸರಿಹೋಗಲ್ವಾ?

ಚೆನ್ನಾಗಿರುವ ಲ್ಯಾಪ್‌ಟಾಪ್‌ಗೆ ಕೆಲವು ಡಿಗ್ರಿ ಇಳಿಸಿಕೊಡಬಹುದು. ಕಟ್ಟಿದ ದಾರಿಯನ್ನು ಅದು ತೆರೆಯುವುದಿಲ್ಲ. ಹಿಂದಿನ ಎರಡು ಮೂಲೆಗೆ ಎರಡು ರಬ್ಬರ್ ತುಂಡು ಇಟ್ಟು ಎತ್ತರಿಸಿದರೂ ಹೆಚ್ಚುಕಡಿಮೆ ಅಷ್ಟೇ ಉಪಯೋಗ.

## ಬಿಚ್ಚಿ ಶುಚಿ ಮಾಡುವವರಿಗೆ

ಬ್ಲೋಯರ್‌ನಲ್ಲಿ ಹೊರಗಿನಿಂದ ಗಾಳಿ ಹೊಡೆದರೆ ಸಾಲದಾ?

ಬಿಡಿ ಧೂಳಿಗೆ ಸಾಕು. ಗಟ್ಟಿಯಾದ ಪಟ್ಟಿಗೆ ಸಾಲದು. ಅದು ಹೊರಗಿನ ಕಿಂಡಿಗಿಂತ ಅಗಲ, ಆಚೆ ಬರಲು ದಾರಿಯಿಲ್ಲ. ಅಂಗಡಿಯವರು ಬಳಸುವ ದೊಡ್ಡ ಬ್ಲೋಯರ್ ಹೊಡೆದರೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಗಾಳಿ ಹೊಡೆಯುವುದಿದ್ದರೆ ರೆಕ್ಕೆಗೆ ಒಂದು ಟೂತ್‌ಪಿಕ್ ತಡೆ ಕೊಟ್ಟು ಹೊಡೆಯಿರಿ. ಗಾಳಿ ಕ್ಯಾನ್ ಬಳಸುವವರು ಅದನ್ನು ತಲೆಕೆಳಗೆ ಹಿಡಿಯಬೇಡಿ, ದ್ರವ ಚಿಮ್ಮುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಚಿಪ್ ಸುಡಬಹುದು.

ನಾನೇ ಬಿಚ್ಚಿ ನೋಡ್ತೀನಿ. ಏನೇನು ಜೋಪಾನ ಮಾಡಬೇಕು?

ಮೊದಲು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ತಮ್ಮ ಬಹಳಷ್ಟು ಮಾದರಿಗಳದ್ದನ್ನು ಎಲ್ಲರಿಗೂ ಸಿಗುವಂತೆ ಇಟ್ಟಿವೆ. ತಳದ ಸ್ಕ್ರೂ ಎಲ್ಲ ಬಿಚ್ಚಿದರೂ ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ. ರಬ್ಬರ್ ಕಾಲುಗಳ ಕೆಳಗೆ ಸ್ಕ್ರೂ ಅಡಗಿರುತ್ತದೆ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಕಾಗದದ ಮೇಲೆ ತಳದ ಚಿತ್ರ ಬರೆದು ಆಯಾ ಜಾಗದಲ್ಲೇ ಸೆಲ್ಲೋಟೇಪ್ ಹಾಕಿ ಅಂಟಿಸಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಕೀಬೋರ್ಡ್ ಕಡೆ ಉಬ್ಬುತ್ತದೆ. ಮುಚ್ಚಳದ ಅಂಚು ಬಿಡಿಸಲು ಲೋಹ ಬೇಡ, ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಇದನ್ನು ಮಾಡದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಬ್ಯಾಟರಿ ದಿಂಬಿನಂತೆ ಉಬ್ಬಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ರಿಪೇರಿಯವರಿಗೆ ಕೊಡಿ. ಫ್ಯಾನ್‌ನ ಕನೆಕ್ಟರ್ ಬೆರಳುಗುರಿಗಿಂತ ಚಿಕ್ಕದು. ತಂತಿ ಹಿಡಿದು ಎಳೆದರೆ ಮದರ್‌ಬೋರ್ಡ್ ಮೇಲಿನ ಗೂಡೇ ಕಿತ್ತು ಬರುತ್ತದೆ. ಎರಡೂ ಬದಿಯಿಂದ ಉಗುರು ಕೊಟ್ಟು ಸ್ವಲ್ಪಸ್ವಲ್ಪವೇ ಸರಿಸಿ.

ಫ್ಯಾನ್‌ಗೆ ಎರಡು ತೊಟ್ಟು ಎಣ್ಣೆ ಬಿಟ್ರೆ ಸದ್ದು ಹೋಗುತ್ತಂತೆ. ಕೊಬ್ಬರಿ ಎಣ್ಣೆ ಆಗುತ್ತಾ?

ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರ್ ಬೆಳಿಗ್ಗೆ ಅದು ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದಲ್ಲ, ಬೇರಿಂಗ್ ಒಳಗೂ ಹಾಗೇ ಕೂರುತ್ತದೆ. ಡಬ್ಲ್ಯೂಡಿ-40ಯೂ ಬೇಡ, ಇದ್ದ ಜಿಡ್ಡನ್ನೂ ತೊಳೆದು ಆರಿಹೋಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತದೆ. ಕೆಲವು ಫ್ಯಾನ್‌ಗಳಲ್ಲಿ ನಡುವಿನ ಸ್ಟಿಕ್ಕರ್ ಮೆಲ್ಲಗೆ ಎತ್ತಿದರೆ ಅಥವಾ ರೆಕ್ಕೆಯನ್ನು ನೇರವಾಗಿ ಮೇಲೆಳೆದರೆ ದಂಡ ಕಾಣುತ್ತದೆ. ಸೂಜಿ ತುದಿಯಲ್ಲಿ ಒಂದೇ ತೊಟ್ಟು. ಪೂರ್ತಿ ಮುಚ್ಚಿದ ಬೇರಿಂಗ್ ಆಗಿದ್ದರೆ ಕೀಳಲು ಹೋಗಬೇಡಿ. ಸವೆದ ಬೇರಿಂಗ್ ಎಣ್ಣೆಯಿಂದ ಬೆಳೆಯುವುದಿಲ್ಲ, ಹೊಸ ಫ್ಯಾನ್ ಬರುವವರೆಗೆ ದಿನ ತಳ್ಳಬಹುದು ಅಷ್ಟೆ.

ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು?

ಬಟಾಣಿ ಕಾಳಿಗಿಂತ ಚಿಕ್ಕ ಹನಿ. ಚಿಪ್ ಉದ್ದಕ್ಕಿದ್ದರೆ ತೆಳುವಾದ ಗೆರೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ. ಹೀಟ್ ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತದೆ. ಬಿಗಿಯುವಾಗ ಆ ಕ್ರಮದಲ್ಲಿ, ಬಿಚ್ಚುವಾಗ ಉಲ್ಟಾ, ಸ್ವಲ್ಪಸ್ವಲ್ಪವೇ. ಅಕ್ಕಪಕ್ಕದ ಚಿಪ್‌ಗಳ ಮೇಲಿರುವ ಮೆತ್ತನೆ ಪ್ಯಾಡ್‌ಗಳನ್ನು ಕಿತ್ತು ಆ ಜಾಗಕ್ಕೆ ಪೇಸ್ಟ್ ಹಚ್ಚಬೇಡಿ. ಅಲ್ಲಿನ ಸಂದು ಪೇಸ್ಟ್‌ಗೆ ತುಂಬುವಂಥದ್ದಲ್ಲ.

ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟ್ ಬದಲು ಪಾದರಸದಂತೆ ಹೊಳೆಯುವ ದ್ರವ ಲೋಹ ಇರುತ್ತದೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಂ ತಾಗಿದರೆ ತಿನ್ನುತ್ತದೆ. ಅಂಥದ್ದು ಕಂಡರೆ ನೀವೇ ಮುಟ್ಟಲು ಹೋಗಬೇಡಿ.

## ಅಂಗಡಿ, ಬಿಡಿಭಾಗ

ಎಸ್.ಪಿ. ರೋಡ್‌ನಲ್ಲಿ ನನ್ನ ಲ್ಯಾಪ್‌ಟಾಪ್ ಫ್ಯಾನ್ ಸಿಗುತ್ತಾ?

ಬೆಂಗಳೂರಿನ ಈ ಕಂಪ್ಯೂಟರ್ ಬಿಡಿಭಾಗಗಳ ಬೀದಿಯಲ್ಲಿ ಹೆಚ್ಚಿನ ಮಾಮೂಲಿ ಮಾದರಿಗಳದ್ದು ಸಿಗುತ್ತದೆ. ಟೌನ್‌ಹಾಲ್ ಕಡೆಯಿಂದ ನಡೆದು ಹೋಗಿ, ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ. ಬರೀ "ಡೆಲ್ ಇನ್ಸ್ಪಿರಾನ್ ಫ್ಯಾನ್ ಕೊಡಿ" ಅಂದರೆ ಕೈಗೆ ಏನು ಬರುತ್ತದೋ ಹೇಳಲಾಗದು. ಒಂದೇ ಹೆಸರಿನಲ್ಲಿ ಹತ್ತಾರು ಮಾದರಿ ಇವೆ, ಒಂದೇ ಮಾದರಿಯಲ್ಲೂ ಗ್ರಾಫಿಕ್ಸ್ ಕಾರ್ಡ್ ಇರುವುದಕ್ಕೆ ಬೇರೆ, ಇಲ್ಲದ್ದಕ್ಕೆ ಬೇರೆ ಫ್ಯಾನ್.

ಹಳೇ ಫ್ಯಾನ್ ಬಿಚ್ಚಿ ಕೈಯಲ್ಲೇ ತೆಗೆದುಕೊಂಡು ಹೋಗಿ. ಅದರ ಸ್ಟಿಕ್ಕರ್ ಮೇಲೆ ಪಾರ್ಟ್ ನಂಬರ್, ವೋಲ್ಟೇಜ್, ಆಂಪಿಯರ್ ಇರುತ್ತದೆ. ಬಹಳಷ್ಟು ಲ್ಯಾಪ್‌ಟಾಪ್ ಫ್ಯಾನ್‌ಗಳು 5 ವೋಲ್ಟ್, ಕೆಲವು ಗೇಮಿಂಗ್ ಮಾದರಿಯವು 12 ವೋಲ್ಟ್. ಎರಡನ್ನು ಅದಲುಬದಲು ಮಾಡಬಾರದು. ಹೊಸದನ್ನು ಹಳೆಯದರ ಪಕ್ಕ ಇಟ್ಟು ಸ್ಕ್ರೂ ತೂತು, ತಂತಿಯ ಉದ್ದ, ಕನೆಕ್ಟರ್‌ನ ಪಿನ್ ಎಣಿಸಿ. ರೆಕ್ಕೆಯ ತಿರುವು ಕೂಡ ಒಂದೇ ದಿಕ್ಕಿಗೆ ಇರಬೇಕು. ಎಡಗಡೆ ಬಲಗಡೆ ಎರಡು ಫ್ಯಾನ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನೇ ತಪ್ಪಿ ತರುತ್ತಾರೆ. ಬೆರಳಲ್ಲಿ ತಿರುಗಿಸಿ ನೋಡಿ, ಅಡೆತಡೆ ಇಲ್ಲದೆ ಸುತ್ತಬೇಕು. ತಿರುಗದಿದ್ದರೆ ವಾಪಸ್ ತಗೋತೀರಾ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ವಾರಂಟಿ ಇನ್ನೂ ಇದೆ. ಬಿಚ್ಚಿದ್ರೆ ಹೋಗುತ್ತಾ?

ಕಂಪನಿಯಿಂದ ಕಂಪನಿಗೆ ಬೇರೆ. ವಾರಂಟಿ ಇರುವಾಗ ಬಿಚ್ಚಲೇಬೇಡಿ ಅನ್ನುವುದು ನನ್ನ ಮಾತು. ಸದ್ದಿನ ವಿಡಿಯೊ, ಪರೀಕ್ಷೆಯಲ್ಲಿ ಬಂದ ಎರರ್ ಸಂಖ್ಯೆಯ ಫೋಟೊ ಇಟ್ಟುಕೊಂಡು ದೂರು ಕೊಡಿ. ಸರ್ವಿಸ್ ಸೆಂಟರ್‌ಗೆ ಹೋದಾಗ ಸದ್ದು ಬರದೇ ಇರುವುದು ವಾಡಿಕೆ. ಸುಮ್ಮನೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಕೊಡಲೇಬೇಕಾ?

ಫ್ಯಾನ್ ಕೆಲಸಕ್ಕೆ ಬೇಕಿಲ್ಲ. ಲಾಗಿನ್ ಪರದೆವರೆಗೆ ಬಂದರೂ, ಒಳಗಿನ ಡಯಾಗ್ನಾಸ್ಟಿಕ್ಸ್ ಓಡಿದರೂ ಫ್ಯಾನ್ ಪರೀಕ್ಷಿಸಬಹುದು. ತುಂಬಾ ಬೇಕು ಅಂದರೆ ಬೇರೆ ಯೂಸರ್ ಖಾತೆ ಮಾಡಿ ಕೊಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಹೊಸ ಫ್ಯಾನ್ ಹಾಕಿದ್ರೂ ತಿರುಗ್ತಾ ಇಲ್ಲ. ಮದರ್‌ಬೋರ್ಡೇ ಹೋಯ್ತಾ?

ಆತುರ ಬೇಡ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ತಣ್ಣಗಿದ್ದಾಗ ಫ್ಯಾನ್ ನಿಂತೇ ಇರುತ್ತದೆ. ಬಿಸಿ ಮಾಡಿ ನೋಡಿ. ಆಮೇಲೆ ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಫ್ಯಾನ್ ನಡೆಸುವ ಚಿಪ್ ಎಷ್ಟೋ ಮಾದರಿಗಳಲ್ಲಿ ಇದರಿಂದ ಹೊಸದಾಗಿ ಶುರುವಾಗುತ್ತದೆ. ಇಷ್ಟಾದರೂ ಇಲ್ಲ ಅಂದರೆ ಮಲ್ಟಿಮೀಟರ್ ಹಿಡಿಯಬೇಕು. ನಾಲ್ಕು ತಂತಿಯ ಫ್ಯಾನ್‌ನಲ್ಲಿ ಒಂದು ವೋಲ್ಟೇಜ್, ಒಂದು ಗ್ರೌಂಡ್, ಒಂದು ವೇಗ ತಿಳಿಸುವುದು, ಇನ್ನೊಂದು ವೇಗ ನಿಯಂತ್ರಿಸುವುದು. ಕನೆಕ್ಟರ್‌ನಲ್ಲಿ 5 ವೋಲ್ಟ್ ಬರುತ್ತಿಲ್ಲ ಅಂದರೆ ಆ ದಾರಿಯ ಫ್ಯೂಸ್ ಅಥವಾ ಟ್ರಾನ್ಸಿಸ್ಟರ್ ಸುಟ್ಟಿರಬಹುದು. ಅದು ಚಿಪ್ ಮಟ್ಟದ ರಿಪೇರಿ ಮಾಡುವವರ ಕೆಲಸ, ಇಡೀ ಮದರ್‌ಬೋರ್ಡ್ ಬದಲಿಸುವ ಅಗತ್ಯ ಬರದಿರಬಹುದು.

ಇದರ ಉಲ್ಟಾ ನನ್ನದು. ತಣ್ಣಗಿದ್ರೂ ಆನ್ ಆದಾಗಿನಿಂದ ಫುಲ್ ಸ್ಪೀಡ್.

ವೇಗ ತಿಳಿಸುವ ಅಥವಾ ನಿಯಂತ್ರಿಸುವ ತಂತಿ ಕಿತ್ತಿದ್ದರೆ ಹೀಗಾಗುತ್ತದೆ. ಕನೆಕ್ಟರ್ ಪೂರ್ತಿ ಕೂತಿದೆಯಾ ನೋಡಿ. ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡ್‌ನ ಒಳಗಿನ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ ಚಾರ್ಜರ್ ಇದ್ದಾಗ ಫ್ಯಾನ್ ಸದಾ ಓಡಲಿ ಎಂಬ ಆಯ್ಕೆ ಕೆಲವು ಎಚ್‌ಪಿಗಳಲ್ಲಿದೆ, ಅದು ಆನ್ ಆಗಿದ್ದರೂ ಸಣ್ಣ ವೇಗದಲ್ಲಿ ಓಡುತ್ತಲೇ ಇರುತ್ತದೆ. ಬಯೋಸ್ ಅಪ್‌ಡೇಟ್‌ನಿಂದ ಸರಿಹೋದವೂ ಉಂಟು. ಅಪ್‌ಡೇಟ್ ಮಾಡುವಾಗ ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ. ನಮ್ಮ ಏರಿಯಾದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಯಾರಿಗೆ ಗೊತ್ತು.

ಫ್ಯಾನ್ ಹೊಸದು, ಪೇಸ್ಟ್ ಹೊಸದು, ಆದರೂ ಬಿಸಿ. ಇನ್ನೇನು ಉಳಿದಿದೆ?

ತಾಮ್ರದ ಹೀಟ್ ಪೈಪ್. ಅದು ಗಟ್ಟಿ ಸರಳಲ್ಲ, ಟೊಳ್ಳು. ಒಳಗೆ ಗಾಳಿ ತೆಗೆದು ಒಂದಿಷ್ಟು ದ್ರವ, ಸಾಮಾನ್ಯವಾಗಿ ನೀರು, ಹಾಕಿ ಮುಚ್ಚಿರುತ್ತಾರೆ. ಚಿಪ್ ಕಡೆ ಆವಿಯಾಗಿ, ಫ್ಯಾನ್ ಕಡೆ ಹೋಗಿ ತಣಿದು, ಮತ್ತೆ ನೀರಾಗಿ ಹಿಂದಕ್ಕೆ ಬರುತ್ತದೆ. ಕೊಳವೆ ಎಲ್ಲಾದರೂ ಮಡಚಿ ಸೀಳು ಬಿಟ್ಟಿದ್ದರೆ ಒಳಗಿನ ಆಟ ನಿಲ್ಲುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹೀಟ್ ಸಿಂಕ್ ಪೂರ್ತಿ ಹೊರತೆಗೆದು ಫ್ಯಾನ್ ಕಳಚಿ, ಚಿಪ್ ಮೇಲೆ ಕೂರುವ ತುದಿಯನ್ನು ಬಿಸಿ ನೀರಿನ ಲೋಟದಲ್ಲಿ ಅದ್ದಿ. ಸರಿಯಾಗಿದ್ದರೆ ಇನ್ನೊಂದು ತುದಿ ಕೆಲವೇ ಸೆಕೆಂಡಿನಲ್ಲಿ ಬೆರಳಿಗೆ ಚುರುಕ್ ಅನ್ನುತ್ತದೆ. ತಣ್ಣಗೇ ಉಳಿದರೆ ಹೀಟ್ ಸಿಂಕ್ ಬದಲಿಸಬೇಕು.

ಇನ್ನೊಂದು ಕಾರಣ ಪ್ಯಾಡ್‌ಗಳ ದಪ್ಪ. ಮೊದಲಿದ್ದದ್ದಕ್ಕಿಂತ ದಪ್ಪದ ಪ್ಯಾಡ್ ಹಾಕಿದ್ದರೆ ಹೀಟ್ ಸಿಂಕ್ ಎತ್ತರಕ್ಕೆ ನಿಂತು ಚಿಪ್‌ಗೆ ತಾಗುವುದೇ ಇಲ್ಲ. ಮತ್ತೆ ಬಿಚ್ಚಿ ನೋಡಿ, ಪೇಸ್ಟ್ ಹರಡದೆ ಹಾಕಿದ ಹಾಗೇ ಹನಿಯಾಗಿ ಉಳಿದಿದ್ದರೆ ಕಾರಣ ಅದೇ.

ಫ್ಯಾನ್ ಬರೋಕೆ ಒಂದು ವಾರ ಆಗುತ್ತಂತೆ. ಅಲ್ಲಿವರೆಗೆ ಹೇಗಾದ್ರೂ ನಡೆಸಬಹುದಾ?

ಫ್ಯಾನ್ ಪೂರ್ತಿ ನಿಂತಿದ್ದರೆ ಬೇಡ. ನಿಧಾನವಾಗಿಯಾದರೂ ತಿರುಗುತ್ತಿದ್ದರೆ ಒಂದು ಉಪಾಯ ಇದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಕೆಳಗೆ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಎಂದಿರುತ್ತದೆ. 100 ಇರುವುದನ್ನು 99 ಮಾಡಿ. ಒಂದೇ ಪರ್ಸೆಂಟ್ ಅನ್ನಿಸಿದರೂ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ವೇಗ (ಚಿಪ್ ಬೇಕಾದಾಗ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತುಹೋಗಿ ಉಷ್ಣತೆ ಚೆನ್ನಾಗಿ ಇಳಿಯುತ್ತದೆ. ಟೈಪಿಂಗ್, ಮೇಲ್ ಕೆಲಸಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣಿಸುವುದಿಲ್ಲ, ಅಲ್ಲಿ ಪವರ್ ಮೋಡ್ ಅನ್ನು ಉಳಿತಾಯದ ಕಡೆಗೆ ಇಡಿ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, ಟೇಬಲ್ ಫ್ಯಾನ್ ಪಕ್ಕದಲ್ಲಿರಲಿ. ಹೊಸ ಫ್ಯಾನ್ ಹಾಕಿದ ಮೇಲೆ 99 ಅನ್ನು ಮತ್ತೆ 100 ಮಾಡುವುದನ್ನು ಮರೆಯಬೇಡಿ. "ಫ್ಯಾನ್ ಬದಲಿಸಿದ ಮೇಲೆ ಲ್ಯಾಪ್‌ಟಾಪ್ ಸ್ಲೋ ಆಗಿದೆ" ಅಂತ ವಾಪಸ್ ಬಂದವರೂ ಇದ್ದಾರೆ.